ದಾವಣಗೆರೆಯಲ್ಲಿ ನಿಂತು, ಹರಿಹರ ಬಿಟ್ಟೋಡುವ ರೈಲು

ದಾವಣಗೆರೆ ನಿಲ್ದಾಣ ಇರುವುದು ಊರಿನ ನಟ್ಟನಡುವೆ. ಹಳಿ ಊರನ್ನು ಸೀಳಿಕೊಂಡೇ ಸಾಗಿದೆ. ಅಶೋಕ ಟಾಕೀಸ್ ಪಕ್ಕದ ರೈಲ್ವೆ ಗೇಟು ಬಿದ್ದಾಗಲೆಲ್ಲ ಎರಡೂ ಕಡೆ ಸಾಲುಗಟ್ಟಿ ಕಾಯುವುದನ್ನು ಇಲ್ಲಿನವರು ದಶಕಗಳ ಕಾಲ ಸಹಿಸಿದ್ದಾರೆ. ಬೆಳಗಿನ ಹೊತ್ತು ಪ್ಲಾಟ್‌ಫಾರಂ ಮೇಲೆ ನಿಂತರೆ ಬೆಂಗಳೂರಿನಿಂದ ಧಾರವಾಡಕ್ಕೆ ಹೋಗುವ ವಂದೇ ಭಾರತ್ ಕಾಣಸಿಗುತ್ತದೆ. 2023ರ ಜೂನ್ 27ರಂದು ಶುರುವಾದ ಈ ರೈಲಿಗೆ ಮೊದಲಿನಿಂದಲೂ ಇಲ್ಲಿ ನಿಲುಗಡೆ ಇದೆ. ಬಾಗಿಲು ತಾನಾಗಿ ತೆರೆಯುತ್ತದೆ, ಜನ ಇಳಿದು ಹತ್ತುತ್ತಾರೆ, ನೋಡನೋಡುತ್ತಲೇ ರೈಲು ಹೊರಟುಬಿಡುತ್ತದೆ. ಹದಿನಾಲ್ಕು ಕಿ.ಮೀ. ಆಚೆಗಿರುವ ಹರಿಹರದಲ್ಲಿ ಮಾತ್ರ ನಿಲ್ಲುವುದಿಲ್ಲ. ಅಲ್ಲಿಗೆ ನಾನು ಹೊರಟಿದ್ದು ಪ್ಯಾಸೆಂಜರ್ ಗಾಡಿಯಲ್ಲಿ.

ಊರು ದಾಟಿದರೆ ಭದ್ರಾ ನಾಲೆಯ ನೀರುಂಡ ಗದ್ದೆಗಳು. ಅಮರಾವತಿ ಕಾಲೊನಿಯಲ್ಲಿ ಹರಪನಹಳ್ಳಿ, ಕೊಟ್ಟೂರಿನ ಕಡೆಯ ಹಳಿ ಕವಲೊಡೆಯುತ್ತದೆ. ಆಮೇಲೆ ಹರಿಹರ.

ಈ ಊರನ್ನು ಬಿಟ್ಟೋಡುವುದು ನನಗೆ ಸರಿಕಾಣುವುದಿಲ್ಲ. ಬೆಂಗಳೂರಿನಿಂದ ಹೊರಟ ಮೀಟರ್ ಗೇಜ್ ಹಳಿ 1889ರಲ್ಲಿ ಬಂದು ಮುಟ್ಟಿದ್ದು ಇಲ್ಲಿಗೇ. ಆಗ ಮೈಸೂರು ಸಂಸ್ಥಾನದ ಗಡಿ ಇದು; ಹೊಳೆಯಾಚೆಗೆ ಮುಂಬೈ ಪ್ರಾಂತ್ಯದ ಧಾರವಾಡ ಜಿಲ್ಲೆ. ರೈಲಿಗೂ ಮೊದಲೇ, 1868ರಲ್ಲಿ, ಕಲ್ಲು ಇಟ್ಟಿಗೆಯ ಹದಿನಾಲ್ಕು ಕಮಾನುಗಳ ಸೇತುವೆ ಕಟ್ಟಿ ಬೆಂಗಳೂರು–ಧಾರವಾಡ ರಸ್ತೆಯನ್ನು ತುಂಗಭದ್ರೆ ದಾಟಿಸಿದ್ದರು. ಹೊಯ್ಸಳ ಎರಡನೇ ನರಸಿಂಹನ ದಂಡನಾಯಕ ಪೊಲಾಳ್ವ ಹದಿಮೂರನೇ ಶತಮಾನದಲ್ಲಿ ಕಟ್ಟಿಸಿದ ಹರಿಹರೇಶ್ವರ ಗುಡಿ ಹೊಳೆಗೆ ಹತ್ತಿರವೇ ಇದೆ. ಕಿರ್ಲೋಸ್ಕರ್ ಲೇತ್‌ಗಳು ದೇಶದ ವರ್ಕ್‌ಶಾಪುಗಳಿಗೆಲ್ಲ ಹೋಗುತ್ತಿದ್ದುದೂ ಈ ಊರಿನಿಂದಲೇ. ಆ ಕಾರ್ಖಾನೆ ಮುಚ್ಚಿ ಇಪ್ಪತ್ತು ವರ್ಷಕ್ಕೂ ಹೆಚ್ಚಾಯಿತು. ದುಡಿಮೆ ಹುಡುಕಿ ಬೇರೆ ಊರಿಗೆ ಹೋಗಿ ಬರುವವರು ಇರುವ ಜಾಗಕ್ಕೆ ಒಳ್ಳೆಯ ರೈಲು ಬೇಕೇ ಬೇಕು.

ನಿಲುಗಡೆಯಷ್ಟೇ ಅಲ್ಲ, ದಾರಿಯದೂ ತಕರಾರಿದೆ: ನಮ್ಮ ಹಳಿ ತುಮಕೂರಿನಿಂದ ನೆಟ್ಟಗೆ ಬರುವ ಬದಲು ಅರಸೀಕೆರೆ, ಕಡೂರು, ಬೀರೂರು, ಚಿಕ್ಕಜಾಜೂರು ಬಳಸಿ ಬರುತ್ತದೆ. ಹೀಗಾಗಿ ಬೆಂಗಳೂರಿನಿಂದ ದಾವಣಗೆರೆಗೆ ಹೆದ್ದಾರಿಯಲ್ಲಿ 260 ಕಿ.ಮೀ. ಆಸುಪಾಸು ಆದರೆ, ರೈಲಿನಲ್ಲಿ 320 ದಾಟುತ್ತದೆ. ಗಂಟೆಗೆ 160 ಕಿ.ಮೀ. ಓಡಬಲ್ಲ ರೈಲನ್ನು ಈ ಬಳಸುದಾರಿಗೆ ಬಿಟ್ಟು ವೇಗ ತಂದೆವೆನ್ನುವುದು ಅರ್ಧ ಕೆಲಸ. ತುಮಕೂರು–ಚಿತ್ರದುರ್ಗ–ದಾವಣಗೆರೆ ನೇರ ಮಾರ್ಗ ಮೊದಲು ಮುಗಿಯಬೇಕು. ಅಲ್ಲಿ ಉಳಿಯುವ ಹೊತ್ತಿನಲ್ಲಿ ಹರಿಹರಕ್ಕೆ ಎರಡು ನಿಮಿಷ ಕೊಟ್ಟರೆ ಯಾರಿಗೂ ತಡವಾಗದು.

ನೋಡಲು ಹೊರಡುವವರಿಗೆ ಒಂದು ಮಾತು: ಹೊಳೆ ಬರುವುದು ಹರಿಹರ ನಿಲ್ದಾಣ ದಾಟಿದ ಮೇಲೆ. ಗುಡಿ ನೋಡಿಕೊಂಡು ಬಂದು ಮುಂದಿನ ಗಾಡಿಗೆ ರಾಣೆಬೆನ್ನೂರಿನ ಟಿಕೆಟ್ ತೆಗೆಸಿ, ಕಿಟಕಿ ಪಕ್ಕ ಕೂತುಕೊಳ್ಳಿ. ಮುಂಗಾರು ಜೋರಾಗಿದ್ದಾಗ ಹೋದರೆ ತುಂಗಭದ್ರೆ ದಡದಿಂದ ದಡಕ್ಕೆ ತುಂಬಿರುತ್ತಾಳೆ.