ಗೇರ್‌ಬಾಕ್ಸ್ ಬದಲಿಸುವ ಮುನ್ನ ಸೊಲೆನಾಯ್ಡ್ ಪರೀಕ್ಷಿಸಿ

ಆಟೊಮ್ಯಾಟಿಕ್ ಗೇರ್‌ಬಾಕ್ಸ್ ಹೊಂದಿದ ಪಿಕಪ್ ವಾಹನಗಳು ನಮ್ಮಲ್ಲಿ ಇನ್ನೂ ವಿರಳ. ಆದರೂ ಹೈಲಕ್ಸ್, ವಿ-ಕ್ರಾಸ್‌ನಂತಹ ಮಾದರಿಗಳನ್ನು ಕೊಂಡ ಉದ್ಯಮಿಗಳಿದ್ದಾರೆ. ಗೇರ್ ಬದಲಾಗುವಾಗ ವಿಳಂಬ ಅಥವಾ ಜರ್ಕ್ ಕಂಡುಬಂದರೆ, ವಾಹನವು ಒಂದೇ ಗೇರಿನಲ್ಲಿ ಉಳಿದುಬಿಟ್ಟರೆ, ಇಡೀ ಗೇರ್‌ಬಾಕ್ಸ್ ಬದಲಿಸುವ ಅಂದಾಜುಪಟ್ಟಿ ಕೈಗೆ ಬರುವುದುಂಟು. ನಮ್ಮ ಕಕ್ಷಿದಾರರೊಬ್ಬರಿಗೂ ಹಾಗೆಯೇ ಆಯಿತು. ಮರುಪರೀಕ್ಷೆ ಮಾಡಿಸಿದಾಗ ಕೆಟ್ಟಿದ್ದುದು ಒಂದು ಸೊಲೆನಾಯ್ಡ್ ಮಾತ್ರ.

ಸೊಲೆನಾಯ್ಡ್ ಎಂದರೆ ವಿದ್ಯುತ್ತಿನಿಂದ ನಡೆಯುವ ಪುಟ್ಟ ಕವಾಟ. ಗೇರ್‌ಬಾಕ್ಸಿನ ಕಂಪ್ಯೂಟರ್ ವಿದ್ಯುತ್ ಹರಿಸಿದಾಗ ಸುರುಳಿಯೊಳಗಿನ ಕಡ್ಡಿ ಸರಿದು ಆಯಿಲ್‌ನ ದಾರಿಯನ್ನು ತೆರೆಯುತ್ತದೆ ಅಥವಾ ಮುಚ್ಚುತ್ತದೆ. ಆ ಒತ್ತಡದಿಂದಲೇ ಕ್ಲಚ್‌ಗಳು ಹಿಡಿದು ಗೇರ್ ಬದಲಾಗುತ್ತದೆ.

ಆದ್ದರಿಂದ ಅಂದಾಜುಪಟ್ಟಿಗೆ ಒಪ್ಪಿಗೆ ನೀಡುವ ಮುನ್ನ ಮೂರು ಪ್ರಶ್ನೆ ಕೇಳಿರಿ. ಸ್ಕ್ಯಾನರ್‌ನಲ್ಲಿ ಬಂದ ದೋಷಸಂಕೇತ ಯಾವುದು? ವೈರಿಂಗ್ ಹಾಗೂ ಸುರುಳಿಯ ರೋಧವನ್ನು ಮೀಟರ್‌ನಿಂದ ಅಳೆಯಲಾಗಿದೆಯೇ? ಆಯಿಲ್ ಪ್ಯಾನಿನಲ್ಲಿ ಲೋಹದ ಚೂರುಗಳಿವೆಯೇ? ಚೂರುಗಳು ಹೆಚ್ಚಾಗಿದ್ದು ಆಯಿಲ್ ಸುಟ್ಟ ವಾಸನೆ ಬೀರುತ್ತಿದ್ದರೆ ದೋಷವು ಒಳಭಾಗಕ್ಕೂ ತಲುಪಿರಬಹುದು. ಆಗ ಸೊಲೆನಾಯ್ಡ್ ಬದಲಿಸಿದರಷ್ಟೇ ಸಾಲದು.

ಜೋಡಣೆಯಲ್ಲಿ ಶುಚಿತ್ವವೇ ಮುಖ್ಯ. ಬ್ಯಾಟರಿಯ ಸಂಪರ್ಕ ತೆಗೆದು, ಆಯಿಲ್ ಇಳಿಸಿ, ಪ್ಯಾನ್ ಬಿಚ್ಚಬೇಕು. ಹೊಸ ಸೊಲೆನಾಯ್ಡಿನ ಓ-ರಿಂಗಿಗೆ ಅದೇ ಆಯಿಲ್ ಸವರಿ ಕೂರಿಸಬೇಕು. ಬೋಲ್ಟುಗಳನ್ನು ಟಾರ್ಕ್ ರೆಂಚ್‌ನಿಂದ, ತಯಾರಕರು ಹೇಳಿದಷ್ಟೇ ಬಿಗಿಯಬೇಕು. ತಯಾರಕರು ಸೂಚಿಸಿದ ಆಯಿಲನ್ನೇ ತುಂಬಿ, ಸೂಚಿಸಿದ ಉಷ್ಣತೆಯಲ್ಲಿ ಮಟ್ಟ ನೋಡಬೇಕು. ಬಿಚ್ಚಿದ ಹಳೆಯ ಬಿಡಿಭಾಗವನ್ನು ಕೇಳಿ ಪಡೆಯಿರಿ.

ಇನ್ನು ಲೆಕ್ಕಪತ್ರದ ವಿಷಯ. ಇರುವ ಆಸ್ತಿಯನ್ನು ಕಾಪಾಡಿಕೊಳ್ಳುವ ವೆಚ್ಚವೇ ಚಾಲ್ತಿ ದುರಸ್ತಿ; ಹೊಸ ಆಸ್ತಿಯನ್ನೋ ಹೊಸ ಅನುಕೂಲವನ್ನೋ ತರುವ ವೆಚ್ಚ ಅದಲ್ಲ ಎಂಬ ಮಾನದಂಡವನ್ನು ಸರವಣ ಸ್ಪಿನ್ನಿಂಗ್ ಮಿಲ್ಸ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 2007ರಲ್ಲಿ ಅನ್ವಯಿಸಿತು. ಇದರಂತೆ, ವ್ಯವಹಾರಕ್ಕೆ ಬಳಸುವ ವಾಹನದ ಸೊಲೆನಾಯ್ಡ್ ಬದಲಾವಣೆ ಸಾಮಾನ್ಯವಾಗಿ ರಾಜಸ್ವ ವೆಚ್ಚವೇ. ಅದನ್ನು ವಾಹನದ ಮೌಲ್ಯಕ್ಕೆ ಸೇರಿಸಿ ಸವಕಳಿ ಲೆಕ್ಕ ಹಾಕಬೇಕಾಗಿಲ್ಲ.

ಸರಕು ಸಾಗಣೆ ವಾಹನದ ದುರಸ್ತಿಗೆ ತೆತ್ತ ಜಿ.ಎಸ್.ಟಿ.ಯ ಹೂಡುವಳಿ ತೆರಿಗೆ ಜಮೆ ದೊರೆಯುತ್ತದೆ. ಆದರೆ ಐದು ಆಸನಗಳ ಡಬಲ್ ಕ್ಯಾಬ್ ಪಿಕಪ್ ಆಗಿದ್ದಲ್ಲಿ ನೋಂದಣಿ ಪತ್ರದಲ್ಲಿನ ವರ್ಗವನ್ನೂ ವಾಹನದ ಬಳಕೆಯನ್ನೂ ನೋಡಿ, ಸಲಹೆ ಪಡೆದ ನಂತರವೇ ಮುಂದುವರಿಯುವುದು ಕ್ಷೇಮ. ಬಿಲ್ಲಿನಲ್ಲಿ ಸಂಸ್ಥೆಯ ಜಿ.ಎಸ್.ಟಿ. ಸಂಖ್ಯೆ, ವಾಹನದ ಸಂಖ್ಯೆ, ಬಿಡಿಭಾಗದ ವಿವರ ಸ್ಪಷ್ಟವಾಗಿರಲಿ. ‘ಗೇರ್‌ಬಾಕ್ಸ್ ಕೆಲಸ’ ಎಂಬ ಒಂದೇ ಸಾಲಿನ ಬಿಲ್ಲು ಮುಂದೆ ತಪಾಸಣೆಯ ವೇಳೆ ಯಾವ ಪ್ರಶ್ನೆಗೂ ಉತ್ತರವಾಗದು.