ಗಿರಾಕಿಗೆ ಕುರ್ಚಿ, ಮಾರುವವಳಿಗೆ?

ಪೇಟೆ ಬೀದಿಯ ಅಂಗಡಿಗಳು ಬಾಗಿಲು ಎಳೆಯುವ ಹೊತ್ತಿಗೆ ಬರುವ ಬಸ್ಸನ್ನು ಒಮ್ಮೆ ಗಮನಿಸಿ. ಬುತ್ತಿ ಡಬ್ಬಿಯ ಚೀಲ ಹಿಡಿದು ಹತ್ತುವ ಹೆಣ್ಣುಮಕ್ಕಳು ಸೀಟು ಸಿಕ್ಕಿದ ಕೂಡಲೇ ಮಾಡುವ ಮೊದಲ ಕೆಲಸ ಏನು ಗೊತ್ತೇ? ಚಪ್ಪಲಿಯಿಂದ ಕಾಲು ಹೊರಗೆ ತೆಗೆಯುವುದು. ಬೆಳಿಗ್ಗೆ ಹತ್ತಕ್ಕೆ ನಿಂತ ಕಾಲು ಸ್ವಾಮಿ, ರಾತ್ರಿ ಎಂಟೂವರೆಗೆ ಕೂತಿದೆ.

ಜವಳಿ ಅಂಗಡಿಗೆ ನಾವು ನೀವು ಹೋದರೆ ರಾಜೋಪಚಾರ. “ಬನ್ನಿ ಅಮ್ಮ, ಕೂತ್ಕೊಳ್ಳಿ ಸಾರ್.” ಗಿರಾಕಿಗೆ ಕುರ್ಚಿ, ಸಾಹುಕಾರರಿಗೆ ಗಲ್ಲಾದ ಮುಂದೆ ಮೆತ್ತನೆ ಆಸನ. ನಲವತ್ತು ಸೀರೆ ಬಿಚ್ಚಿ ತೋರಿಸಿ, ನಾವು “ಆಮೇಲೆ ಬರ್ತೀವಿ” ಎಂದು ಎದ್ದು ಹೋದ ಮೇಲೆ ಆ ನಲವತ್ತನ್ನೂ ಮಡಿಸಿಡುವವಳಿಗೆ? ಗಿರಾಕಿಯೇ ಇಲ್ಲದ ಮಟಮಟ ಮಧ್ಯಾಹ್ನದಲ್ಲೂ ಗೋಡೆಗೆ ಒರಗಕೂಡದು ಎಂಬ ಕಟ್ಟಪ್ಪಣೆಯ ಅಂಗಡಿಗಳುಂಟು. “ಕೂತರೆ ಸೋಮಾರಿತನ ಬರುತ್ತೆ, ನೋಡೋರಿಗೂ ಚೆನ್ನಾಗಿರಲ್ಲ” ಎಂಬುದು ಯಜಮಾನರ ವಾದ.

ಈ ವಾದ ವ್ಯಾಪಾರದ ಲೆಕ್ಕದಲ್ಲೇ ತಪ್ಪು ಎಂಬುದು ನಮ್ಮ ತಕರಾರು. ದಯೆ-ಧರ್ಮದ ಮಾತು ಆಮೇಲಿರಲಿ. ಮೊದಲು ಗಲ್ಲಾಪೆಟ್ಟಿಗೆಯ ಮಾತನ್ನೇ ಆಡೋಣ.

ಕೂರುವುದಕ್ಕೂ ಹೋರಾಟ

ಪಕ್ಕದ ಕೇರಳದಲ್ಲಿ ಇದೇ ಪ್ರಶ್ನೆ ಬೀದಿಗೆ ಬಂತು. ಕಲ್ಲಿಕೋಟೆಯ ಮಿಠಾಯಿ ತೆರುವು ಎಂದರೆ ನಮ್ಮೂರಿನ ಪೇಟೆ ಬೀದಿಯಂಥದ್ದೇ, ಅಂಗಡಿಗೆ ಅಂಗಡಿ ಅಂಟಿಕೊಂಡ ಜಾಗ. ಅಲ್ಲಿ ಹೊಲಿಗೆ ಕೆಲಸ ಮಾಡುತ್ತಿದ್ದ ವಿಜಿ ಎಂಬಾಕೆ ಅಂಗಡಿ ಕೆಲಸದ ಹೆಂಗಸರನ್ನು ‘ಪೆಣ್‌ಕೂಟ್ಟು’ ಎಂಬ ಸಂಘದಡಿ ಒಟ್ಟುಗೂಡಿಸಿದರು. ಮೊದಲ ಬೇಡಿಕೆ ಏನೆಂದು ತಿಳಿದೀರಿ? ಸಂಬಳ ಅಲ್ಲ, ಬೋನಸ್ ಅಲ್ಲ, ಶೌಚಾಲಯ! ಇಡೀ ದಿನ ದುಡಿಯುವ ಕಡೆ ಅದೂ ಇರಲಿಲ್ಲ. ಮುಂದೆ ಬಂದದ್ದು ಕೂರುವ ಹಕ್ಕಿನ ಕೂಗು. 2014ರ ಕೊನೆಗೆ ತ್ರಿಶೂರಿನ ದೊಡ್ಡ ಸೀರೆ ಅಂಗಡಿಯೊಂದರ ಮಾರಾಟಗಾರ್ತಿಯರು ‘ಕೂರುವ ಮುಷ್ಕರ’ವನ್ನೇ ಹೂಡಿದರು. ಕಡೆಗೆ 2018ರಲ್ಲಿ ಕೇರಳ ಸರಕಾರ ಅಂಗಡಿ ಕಾಯ್ದೆಗೆ ತಿದ್ದುಪಡಿ ತಂದು, ಕೆಲಸಗಾರರಿಗೆ ಕೂರಲು ಆಸನ ಕೊಡಲೇಬೇಕು ಎಂದಿತು. 2021ರಲ್ಲಿ ತಮಿಳುನಾಡೂ ಅದೇ ದಾರಿ ಹಿಡಿಯಿತು.

ಇದೇನು ಹೊಸ ಕಾಲದ ಫ್ಯಾಷನ್ ಎನ್ನಬೇಡಿ. ಬ್ರಿಟನ್ನಿನಲ್ಲಿ 1899ರಷ್ಟು ಹಿಂದೆಯೇ, ಮೂವರು ಮಾರಾಟಗಾರ್ತಿಯರಿಗೆ ಒಂದಾದರೂ ಆಸನ ಇರಬೇಕೆಂದು ಕಾನೂನಾಗಿತ್ತು. ನಮ್ಮ ದೇಶದ 1948ರ ಕಾರ್ಖಾನೆ ಕಾಯ್ದೆಯೂ ನಿಂತು ದುಡಿಯುವವರಿಗೆ, ಬಿಡುವು ಸಿಕ್ಕಾಗ ಕೂರಲು ವ್ಯವಸ್ಥೆ ಬೇಕೆಂದು ಹೇಳಿತ್ತು. ಕಾರ್ಖಾನೆಯ ಕಾಲಿಗೆ ನೋವಾಗುತ್ತದೆ, ಅಂಗಡಿಯ ಕಾಲಿಗೆ ಆಗುವುದಿಲ್ಲವೇ?

ಫೋರ್ಡ್ ಸಾಹೇಬರ ಲೆಕ್ಕ

“ಅದೆಲ್ಲಾ ಸರಿ ಸ್ವಾಮಿ, ನಮಗೇನು ಲಾಭ?” ಎಂದು ಕೇಳುವ ವರ್ತಕ ಬಾಂಧವರು ಅಮೆರಿಕದ ಕಾರು ತಯಾರಕ ಹೆನ್ರಿ ಫೋರ್ಡರ ಕತೆ ಕೇಳಬೇಕು. ಆಸಾಮಿ ಧರ್ಮಛತ್ರ ನಡೆಸುತ್ತಿದ್ದವರಲ್ಲ, ಪಕ್ಕಾ ವ್ಯಾಪಾರಿ.

1913ರಲ್ಲಿ ಅವರ ಕಾರ್ಖಾನೆಗೆ ಬಂದ ಆಳು ನಿಲ್ಲುತ್ತಲೇ ಇರಲಿಲ್ಲ. ನೂರು ಜಾಗ ತುಂಬಿಟ್ಟುಕೊಳ್ಳಲು ವರ್ಷಕ್ಕೆ 370 ಜನರನ್ನು ಸೇರಿಸಿಕೊಳ್ಳಬೇಕಾದ ಪಾಡು. ಇವತ್ತು ಕಲಿಸಿದವನು ನಾಳೆ ನಾಪತ್ತೆ. 1914ರ ಜನವರಿಯಲ್ಲಿ ಫೋರ್ಡ್ ದಿನದ ಸಂಪಾದನೆಯನ್ನು ಸುಮಾರು ದುಪ್ಪಟ್ಟು ಮಾಡಿ ಐದು ಡಾಲರಿಗೆ ಏರಿಸಿ, ದುಡಿಮೆಯನ್ನು ಒಂಬತ್ತು ಗಂಟೆಯಿಂದ ಎಂಟಕ್ಕೆ ಇಳಿಸಿದರು. ಉಳಿದ ಕಾರ್ಖಾನೆಯವರು ತಲೆ ಕೆಟ್ಟಿದೆ ಎಂದರು. ಆದದ್ದೇನು? 370 ಇದ್ದದ್ದು ಆ ವರ್ಷ 54ಕ್ಕೆ, 1915ರಲ್ಲಿ 16ಕ್ಕೆ ಇಳಿಯಿತು. ಖರ್ಚು ತಗ್ಗಿಸಲು ತಾವು ಮಾಡಿದ ಅತ್ಯುತ್ತಮ ಕೆಲಸಗಳಲ್ಲಿ ಇದೂ ಒಂದು ಎಂದು ಫೋರ್ಡರೇ ಮುಂದೆ ಬರೆದರು.

ಅವರನ್ನು ದೇವರು ಮಾಡುವುದೂ ಬೇಡಿ. ಆ ಐದು ಡಾಲರ್ ಮೊದಲಿಗೆ ಹೆಂಗಸರಿಗೆ ಇರಲಿಲ್ಲ. ಗಂಡಸರಿಗೂ ಪುಕ್ಕಟೆ ಸಿಗಲಿಲ್ಲ. ಕುಡಿಯುತ್ತಾನೋ, ಮನೆ ಚೊಕ್ಕಟವಾಗಿಟ್ಟಿದ್ದಾನೋ ಎಂದು ಕಂಪನಿಯ ಜನ ಮನೆಗೇ ಬಂದು ವಿಚಾರಿಸುತ್ತಿದ್ದರು. ದುಡ್ಡು ಕೊಟ್ಟೆ ಎಂದು ಆಳಿನ ಮಾನಕ್ಕೆ ಕೈ ಹಾಕುವ ಚಾಳಿ ಅಂದೂ ಇತ್ತು.

ಈಗ ನಮ್ಮೂರ ಲೆಕ್ಕಕ್ಕೆ ಬನ್ನಿ. ಹಾರ್ಡ್‌ವೇರ್ ಅಂಗಡಿಯ ಹಳೇ ಹುಡುಗನಿಗೆ ಯಾವ ಅಳತೆಯ ಬೋಲ್ಟು ಯಾವ ಡಬ್ಬದಲ್ಲಿದೆ, ಯಾವ ಮೇಸ್ತ್ರಿ ಸಾಲ ತೀರಿಸುತ್ತಾನೆ, ಯಾರು ಕೈ ಎತ್ತುತ್ತಾರೆ ಎಲ್ಲಾ ಬಾಯಿಪಾಠ. ಅವನನ್ನು ಗಿರಾಕಿಯ ಎದುರೇ “ಏ ದಂಡಪಿಂಡ” ಎಂದು ಬೈದಿರಿ. ಅವನು ಮಾತಾಡುವುದಿಲ್ಲ. ತಿಂಗಳ ಕೊನೆಗೆ ಸಂಬಳ ಎಣಿಸಿಕೊಂಡು ಎದುರಿನ ಅಂಗಡಿ ಸೇರುತ್ತಾನೆ. ಹೋಗುವಾಗ ಬೋಲ್ಟು ಒಯ್ಯುವುದಿಲ್ಲ ನಿಜ. ನಿಮ್ಮ ಗಿರಾಕಿಗಳನ್ನು ಒಯ್ಯುತ್ತಾನೆ! ಹೊಸಬ ಡಬ್ಬ ಹುಡುಕುವಷ್ಟರಲ್ಲಿ ಬಂದವನು ಗಡಿಯಾರ ನೋಡಿ ಹೊರಟಿರುತ್ತಾನೆ. ಈ ನಷ್ಟವನ್ನು ಯಾವ ಖಾತೆ ಪುಸ್ತಕದಲ್ಲಿ ಬರೆದಿದ್ದೀರಿ?

ಬೀಡಿಯವರ ಪಾಠ

ಇದು ಒಂದು ಅಂಗಡಿಯ ಮಾತಾಯಿತು. ಊರಿಗೇನು ಲಾಭ ಎನ್ನುವುದಕ್ಕೆ ಕಣ್ಣೂರಿನ ಬೀಡಿ ಕಾರ್ಮಿಕರ ಉದಾಹರಣೆ ಇದೆ. ಅದಕ್ಕೆ ನಮ್ಮ ಮಂಗಳೂರಿನ ನಂಟೂ ಇದೆ.

ಬೀಡಿ ಕಾರ್ಮಿಕರಿಗೆ ನ್ಯಾಯವಾದ ಕೆಲಸದ ನಿಯಮ ಬೇಕೆಂದು ಕೇಂದ್ರ 1966ರಲ್ಲಿ ಕಾಯ್ದೆ ಮಾಡಿತು. ಕೇರಳ ಅದನ್ನು ಜಾರಿಗೆ ತರಲು ಹೊರಟಾಗ, 1968ರಲ್ಲಿ ಮಂಗಳೂರು ಮೂಲದ ದೊಡ್ಡ ಬೀಡಿ ಧಣಿಗಳು ಕಾನೂನು ಪಾಲಿಸುವ ಬದಲು ಅಲ್ಲಿನ ಬಾಗಿಲನ್ನೇ ಹಾಕಿಬಿಟ್ಟರು. ಸುಮಾರು 12,000 ಮಂದಿಯ ಅನ್ನ ಹೋಯಿತು. ಕೆಲಸ ಕಳೆದುಕೊಂಡವರೇ ಸರಕಾರದ ನೆರವಿನಿಂದ 1969ರಲ್ಲಿ ಸಹಕಾರ ಸಂಘ ಕಟ್ಟಿದರು. ಅದೇ ಕೇರಳ ದಿನೇಶ್ ಬೀಡಿ. ಧಣಿಗಳು “ಕೊಟ್ಟರೆ ಮುಳುಗುತ್ತೇವೆ” ಎಂದ ಸವಲತ್ತುಗಳನ್ನೇ ಕೊಟ್ಟು ಅದು ಬೆಳೆಯಿತು. ಭವಿಷ್ಯನಿಧಿ, ಹೆರಿಗೆ ರಜೆ, ಕ್ಯಾಂಟೀನು ಎಲ್ಲವೂ ಬಂತು. ಒಬ್ಬರು ಗಟ್ಟಿಯಾಗಿ ಪೇಪರ್ ಓದುವುದು, ಉಳಿದವರು ಕೇಳುತ್ತಾ ಬೀಡಿ ಕಟ್ಟುವುದು ಅಲ್ಲಿನ ಶೆಡ್ಡುಗಳ ಹಳೇ ರೂಢಿ. ಬೀಡಿ ಸೇದುವವರು ಕಡಿಮೆಯಾದಾಗ (ಆಗಬೇಕಾದ್ದೇ, ಬಿಡಿ) ಸಂಘ ಕೈಕಟ್ಟಿ ಕೂರಲಿಲ್ಲ. ತೆಂಗಿನ ಹಾಲು, ಮಸಾಲೆ ಪುಡಿ, ಕೊಡೆಗಳಿಗೂ ಕೈ ಹಾಕಿತು.

ತಿಂಗಳ ಸಂಬಳ ತಪ್ಪದೆ ಬಂದ ಮನೆಯಲ್ಲಿ ಮಗು ಶಾಲೆ ಬಿಡುವುದಿಲ್ಲ. ಕಿರಾಣಿ ಅಂಗಡಿಯ ಉದ್ರಿ ತೀರುತ್ತದೆ, ಹಬ್ಬಕ್ಕೆ ಬಟ್ಟೆ ಬರುತ್ತದೆ. ಆ ಕಿರಾಣಿ ಅಂಗಡಿ, ಆ ಬಟ್ಟೆ ಅಂಗಡಿ ಯಾರದ್ದು ಸ್ವಾಮಿ? ನಿಮ್ಮದೇ. ನಿಮ್ಮ ಆಳು ಎದುರಿನ ಅಂಗಡಿಗೆ ಗಿರಾಕಿ. ಅವರ ಆಳು ನಿಮಗೆ ಗಿರಾಕಿ. ಎಲ್ಲರೂ ಸಂಬಳ ಕಿತ್ತುಕೊಂಡರೆ ಪೇಟೆಯಲ್ಲಿ ಕೊಳ್ಳುವವರು ಯಾರು?

ಹಾಗಾದರೆ ಮಾಡುವುದೇನು?

ದೊಡ್ಡ ಬಂಡವಾಳ ಬೇಡ. ಗಲ್ಲಾದ ಪಕ್ಕದ ಗೋಡೆಗೆ ನಾಲ್ಕು ಸ್ಟೂಲು ಹಾಕಿ. ಗಿರಾಕಿ ಬಂದಾಗ ಎದ್ದೇಳುವುದು ಯಾರಿಗೂ ಹೇಳಿಕೊಡಬೇಕಾಗಿಲ್ಲ. ಸಂಬಳಕ್ಕೆ ಒಂದು ತಾರೀಖು ಗೊತ್ತುಮಾಡಿ, “ನಾಳೆ ನೋಡೋಣ” ಎನ್ನಬೇಡಿ. ವಾರದ ರಜೆ ನೀವು ಕೊಡುವ ದಾನ ಅಲ್ಲ, ನಮ್ಮ ರಾಜ್ಯದ 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯಲ್ಲೇ ಬರೆದಿರುವ ಮಾತು. ತಪ್ಪು ಮಾಡಿದರೆ ತಿದ್ದಿ, ಆದರೆ ಗೋದಾಮಿನೊಳಗೆ ಕರೆದು ತಿದ್ದಿ. ಗಿರಾಕಿಯ ಮುಂದೆ ಅಲ್ಲ. “ಏ ಹುಡುಗಿ” ಅನ್ನುವ ಬದಲು ಹೆಸರು ಹಿಡಿದು ಕರೆಯಲು ಕಾಸು ಖರ್ಚಿಲ್ಲ.

“ತಾ ಮಾಡಿದ್ದು ಉತ್ತಮ, ಮಗ ಮಾಡಿದ್ದು ಮಧ್ಯಮ, ಆಳು ಮಾಡಿದ್ದು ಹಾಳು” ಎಂದು ಗಾದೆ ಹೇಳುವ ಯಜಮಾನರು ಬಹಳ. ಗಾದೆ ಆಳನ್ನು ದೂರುತ್ತದೆ, ಆಳಿಸುವವನನ್ನು ಕೇಳುವುದೇ ಇಲ್ಲ. ನಿಲ್ಲಿಸಿ, ಬೈದು, ಸಂಬಳಕ್ಕೆ ಅಲೆಸಿದ ಮೇಲೆ ಕೆಲಸ ಹಾಳಾಗದೆ ಇನ್ನೇನಾದೀತು?

ಗಿರಾಕಿಗಳಿಗೂ ಒಂದು ಮಾತು. ಇನ್ನು ಮೇಲೆ ಅಂಗಡಿಯಲ್ಲಿ ಸ್ಟೂಲಿನ ಮೇಲೆ ಕೂತ ಹುಡುಗಿ ಕಂಡರೆ ಸೋಮಾರಿ ಎಂದುಕೊಳ್ಳಬೇಡಿ. ಯಜಮಾನರಿಗೆ ಲೆಕ್ಕ ಬರುತ್ತದೆ ಎಂದು ತಿಳಿಯಿರಿ. ವ್ಯಾಪಾರವನ್ನು ಅಲ್ಲೇ ಮಾಡಿ.