ಹಳೆಯ ಕಾರಿಗೆ ಟರ್ಬೊ ಎಂಜಿನ್ ಕೂಡಿಸುವ ವಿಚಾರ

ನಮ್ಮ ವಾಚನಾಲಯಕ್ಕೆ ದಿನವೂ ಸಂಜೆ ಬರುವ ಗುಮಾಸ್ತರೊಬ್ಬರು ಈಚೆಗೆ ಒಂದು ಹಳೆಯ ಕಾಂಟೆಸ್ಸಾ ಕಾರು ಕೊಂಡಿದ್ದಾರೆ. ಕಾರಿನ ಮೈ ಗಟ್ಟಿಯಾಗಿದೆ, ಎಂಜಿನ್ ಮಾತ್ರ ಸೋತಿದೆ. ಅದನ್ನು ಕಿತ್ತು, ಗುಜರಿಯಲ್ಲಿ ಕಡಿಮೆ ಬೆಲೆಗೆ ಸಿಗುವ ಟರ್ಬೊ ಡೀಸೆಲ್ ಎಂಜಿನ್ ಕೂಡಿಸಬೇಕೆಂದು ಅವರ ಮನಸ್ಸು. ಭಿಶಿಯ ಹಣ ಈ ತಿಂಗಳು ಕೈಗೆ ಬರಲಿದೆ. “ಮಿಸ್ತ್ರಿ ಎಲ್ಲಾ ಆಗ್ತದ ಅಂತಾನ್ರಿ” ಎಂದರು. ಆಗುವುದೇನೋ ನಿಜ, ಎಷ್ಟಕ್ಕೆ ಆಗುತ್ತದೆ, ಆದ ಮೇಲೆ ಏನಾಗುತ್ತದೆ ಎಂಬುದೇ ಪ್ರಶ್ನೆ. ಇಂಥ ಆಸೆ ಇನ್ನೂ ಕೆಲವು ವಾಚಕರಲ್ಲಿ ಇರುವುದು ತಿಳಿದುಬಂದದ್ದರಿಂದ ಇಲ್ಲಿ ಸ್ವಲ್ಪ ವಿಸ್ತಾರವಾಗಿ ಬರೆಯುತ್ತಿದ್ದೇವೆ.

ಟರ್ಬೊ ಎಂದರೆ ಒಲೆಗೆ ಊದುಗೊಳವೆ ಇದ್ದಂತೆ. ಗಾಳಿ ಹೆಚ್ಚಾದರೆ ಹೆಚ್ಚು ಎಣ್ಣೆ ಉರಿಯಬಲ್ಲದು, ಶಕ್ತಿಯೂ ಹೆಚ್ಚುತ್ತದೆ. ಊದುವ ಕೆಲಸಕ್ಕೆ ಎಂಜಿನ್ನಿನಿಂದ ಹೊರಬೀಳುವ ಬಿಸಿ ಹೊಗೆಯನ್ನೇ ಬಳಸಿಕೊಳ್ಳುವುದು ಇದರ ಜಾಣತನ. ಹೊಗೆ ಒಂದು ಪುಟ್ಟ ಚಕ್ರವನ್ನು ತಿರುಗಿಸುತ್ತದೆ. ಅದೇ ದಂಡದ ಇನ್ನೊಂದು ತುದಿಯ ಚಕ್ರ ಗಾಳಿಯನ್ನು ಒತ್ತಿ ಒಳಕ್ಕೆ ತುಂಬುತ್ತದೆ. ಸ್ವಿಟ್ಜರ್ಲೆಂಡಿನ ಆಲ್ಫ್ರೆಡ್ ಬ್ಯೂಖಿ ಎಂಬ ಎಂಜಿನಿಯರರು 1905ರಲ್ಲಿಯೇ ಈ ಕಲ್ಪನೆಗೆ ಪೇಟೆಂಟು ಪಡೆದಿದ್ದರು. ಮಾರಾಟದ ಕಾರುಗಳಿಗೆ ಅದು ಬಂದದ್ದು 1962ರಲ್ಲಿ, ಅಮೆರಿಕದಲ್ಲಿ. ಈ ಚಕ್ರ ನಿಮಿಷಕ್ಕೆ ಒಂದು ಲಕ್ಷ ಸುತ್ತು ಮೀರಿ ತಿರುಗುವುದುಂಟು. ಇದಕ್ಕೆ ಆಧಾರ ತೆಳುವಾದ ಎಣ್ಣೆಯ ಪೊರೆಯೊಂದೇ. ಆದಕಾರಣ ಹಳೆಯ ಟರ್ಬೊ ಕೊಳ್ಳುವಾಗ ದಂಡವನ್ನು ಬೆರಳಿನಿಂದ ಅಲ್ಲಾಡಿಸಿ ನೋಡತಕ್ಕದ್ದು. ಚಕ್ರದ ಎಲೆಗಳು ಸುತ್ತಲಿನ ಗೋಡೆಗೆ ತಾಗಿದರೆ ಅದನ್ನು ಅಲ್ಲಿಯೇ ಬಿಟ್ಟು ಬರುವುದು ಲೇಸು.

ಇನ್ನು ಕಾಂಟೆಸ್ಸಾದ ವಿಚಾರ. ಓಟದ ಕಾರೆಂದು ಹೇಳಿಕೊಳ್ಳುವಂಥವು ನಮ್ಮ ದೇಶದಲ್ಲಿ ಕೆಲವೇ. ಬೆಂಗಳೂರಿನ ಸ್ಯಾನ್ ಸಂಸ್ಥೆಯವರ ಸ್ಟಾರ್ಮ್ ಎಂಬ ಎರಡೇ ಆಸನದ ಗಾಡಿ ಅಂಥದೊಂದು. ಕಾಂಟೆಸ್ಸಾ ಓಟದ ಕಾರಲ್ಲ, ಆದರೆ ಹಾಗೆ ಕಾಣುತ್ತದೆ. ತರುಣರು ಮರುಳಾಗುವುದು ಅಲ್ಲಿಯೇ. ಇಂಗ್ಲೆಂಡಿನ ವಾಕ್ಸ್‌ಹಾಲ್ ಗಾಡಿಯ ಮಾದರಿಯಲ್ಲಿ ಹಿಂದುಸ್ತಾನ್ ಮೋಟಾರ್ಸ್‌ನವರು 1984ರಲ್ಲಿ ಇದನ್ನು ಹೊರತಂದಾಗ, ಈ ಭಾರದ ಮೈಗೆ ಕೂಡಿಸಿದ್ದು ಅಂಬಾಸಡರಿನ 1,489 ಸಿ.ಸಿ. ಎಂಜಿನ್. ಶಕ್ತಿ ಸುಮಾರು 50 ಕುದುರೆ. ಆನೆಗೆ ಆಡಿನ ಕಾಲು ಹಚ್ಚಿದಂತಾಯಿತು. ಮುಂದೆ ಕಂಪನಿಯವರೇ ಜಪಾನಿನ ಇಸುಜು ಕಂಪನಿಯ 1.8 ಲೀಟರಿನ ಪೆಟ್ರೋಲ್ ಎಂಜಿನ್ ಹಾಕಿದರು. ಶಕ್ತಿ 88 ಕುದುರೆಗೆ ಏರಿತು. ಕೊನೆಗೆ ಇಸುಜುವಿನ 2 ಲೀಟರಿನ ಟರ್ಬೊ ಡೀಸೆಲ್ ಕೂಡ ಬಂತು. 2002ರ ಹೊತ್ತಿಗೆ ಕಾರೇ ನಿಂತುಹೋಯಿತು. ಇಲ್ಲಿ ಗಮನಿಸಬೇಕಾದ ಮಾತೆಂದರೆ, ಕಂಪನಿಯವರು ಇಸುಜು ಎಂಜಿನ್ನನ್ನು ಒಂಟಿಯಾಗಿ ತರಲಿಲ್ಲ. ಐದು ಗೇರಿನ ಪೆಟ್ಟಿಗೆಯನ್ನೂ ಅದರ ಜೊತೆಗೇ ತಂದರು.

ನಮ್ಮ ಗುಮಾಸ್ತರ ಕಣ್ಣು ಬಿದ್ದದ್ದು ಫಿಯಾಟಿನ 1.3 ಲೀಟರಿನ ಡೀಸೆಲ್ ಎಂಜಿನ್ ಮೇಲೆ. ಇದು ಇಲ್ಲಿಯೇ ರಾಂಜಣಗಾಂವದ ಕಾರ್ಖಾನೆಯಲ್ಲಿಯೂ ತಯಾರಾಗುತ್ತಿತ್ತು. ಸ್ವಿಫ್ಟ್, ವಿಸ್ಟಾ ಮೊದಲಾದ ಎಷ್ಟೋ ಗಾಡಿಗಳಲ್ಲಿ ಇದ್ದುದರಿಂದ ಸುಲಭವಾಗಿ ಸಿಗುತ್ತದೆ. ಎಂಜಿನ್ ಒಳ್ಳೆಯದೇ. ಆದರೆ ಅದು ಆ ಗಾಡಿಗಳಲ್ಲಿ ಅಡ್ಡಲಾಗಿ ಕುಳಿತು ಮುಂದಿನ ಗಾಲಿಗಳನ್ನು ತಿರುಗಿಸುವಂಥದು. ಕಾಂಟೆಸ್ಸಾದಲ್ಲಿ ಎಂಜಿನ್ ಉದ್ದಕ್ಕೆ ಕೂರಬೇಕು, ಉದ್ದನೆಯ ಶಾಫ್ಟಿನಿಂದ ಹಿಂದಿನ ಗಾಲಿ ತಿರುಗಬೇಕು. ಅದರ ಗೇರುಪೆಟ್ಟಿಗೆ ಇಲ್ಲಿ ನಿರುಪಯೋಗಿ. ಬೇರೆ ಪೆಟ್ಟಿಗೆ ಹೊಂದಿಸಲು ನಡುವೆ ತಟ್ಟೆ ಕೊರೆಸಬೇಕು, ಕ್ಲಚ್ಚು ಬದಲಿಸಬೇಕು, ಶಾಫ್ಟು ಕತ್ತರಿಸಿ ತೂಕ ಸರಿಪಡಿಸಬೇಕು. ಮೇಲೆ ಅದರ ಕಂಪ್ಯೂಟರು: ಮೂಲ ಗಾಡಿಯ ವೈರಿಂಗು, ಸೆನ್ಸಾರುಗಳು, ಕೀಲಿಕೈ ಇಲ್ಲದಿದ್ದರೆ ಎಂಜಿನ್ ಉಸಿರೇ ಎತ್ತದು. ಸುಮೊ, ಬೊಲೆರೊ ಗಾಡಿಗಳ ಎಂಜಿನ್ ಉದ್ದಕ್ಕೇ ಕೂರುವಂಥದು. ಆದರೆ ಅದು ಭಾರ, ಮುಂದಿನ ಸ್ಪ್ರಿಂಗು ಕುಸಿಯುತ್ತದೆ, ಎಣ್ಣೆಯ ತಟ್ಟೆ ಕೆಳಗಿನ ಅಡ್ಡಪಟ್ಟಿಗೆ ತಾಗಬಹುದು.

ಹೀಗಿರಲಾಗಿ, ಲೆಕ್ಕದ ಪುಸ್ತಕದಲ್ಲಿ ಎಂಜಿನ್ನಿನ ಬೆಲೆ ಒಂದೇ ಒಂದು ಸಾಲು. ರೇಡಿಯೇಟರು, ಗಾಳಿ ತಣಿಸುವ ಇಂಟರ್‌ಕೂಲರು, ಟರ್ಬೊಗೆ ಎಣ್ಣೆಯ ಕೊಳವೆ, ಹೊಸ ಸೈಲೆನ್ಸರು, ಮೌಂಟಿಂಗು, ಮಿಸ್ತ್ರಿಯ ಕೂಲಿ, ತಿಂಗಳುಗಟ್ಟಲೆ ಗ್ಯಾರೇಜಿನಲ್ಲಿ ನಿಲ್ಲಿಸಿದ ಬಾಡಿಗೆ ಇವು ಕೆಳಗಿನ ಸಾಲುಗಳು. ಅರ್ಧಕ್ಕೆ ನಿಂತ ಕಾರನ್ನು ಯಾರೂ ಅರ್ಧ ಬೆಲೆಗೂ ಕೊಳ್ಳುವುದಿಲ್ಲ.

ಬ್ರೇಕಿನ ಮಾತನ್ನು ಬೇರೆಯಾಗಿ ಹೇಳಬೇಕು. ವೇಗ ಗಂಟೆಗೆ 60ರಿಂದ 90 ಕಿಲೋಮೀಟರಿಗೆ ಏರಿದರೆ, ನಿಲ್ಲಿಸಲು ಬ್ರೇಕು ನುಂಗಬೇಕಾದ ಶಕ್ತಿ ಒಂದೂವರೆ ಪಟ್ಟಲ್ಲ, ಎರಡೂಕಾಲು ಪಟ್ಟಾಗುತ್ತದೆ. ಹಬ್ಬಕ್ಕೆ ಬೆಳಗಾವಿಗೆ ಹೋಗುವಾಗ ಖಂಬಾಟಕಿ ಘಾಟಿನಲ್ಲಿ ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಹೋಗುವವರು ಈ ಲೆಕ್ಕವನ್ನು ಮೊದಲು ಮಾಡತಕ್ಕದ್ದು.

ಕಾಯಿದೆಯೂ ಉಂಟು. 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮಿನಂತೆ, ಕಂಪನಿಯ ಮೂಲ ವಿವರಣೆಗೆ ಭಿನ್ನವಾಗುವಂತೆ ಗಾಡಿಯನ್ನು ಬದಲಿಸಕೂಡದು. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಇದನ್ನೇ ಎತ್ತಿಹಿಡಿಯಿತು. ಎಂಜಿನ್ ಬದಲಿಗೆ ನೋಂದಣಿ ಅಧಿಕಾರಿಯ ಒಪ್ಪಿಗೆ ಬೇಕು. ಅದೇ ವರ್ಷದ ತಿದ್ದುಪಡಿಯಿಂದ, ಅಕ್ರಮ ಬದಲಾವಣೆ ಒಂದಕ್ಕೆ 5,000 ರೂಪಾಯಿ ದಂಡ, ಇಲ್ಲವೆ ಆರು ತಿಂಗಳವರೆಗೆ ಸೆರೆ, ಇಲ್ಲವೆ ಎರಡೂ ಆಗಬಹುದು. ಹದಿನೈದು ವರ್ಷ ದಾಟಿದ ಗಾಡಿಯ ನೋಂದಣಿ ನವೀಕರಿಸುವಾಗ ಎಂಜಿನ್ನಿನ ನಂಬರು ಪುಸ್ತಕದೊಂದಿಗೆ ತಾಳೆಯಾಗದಿದ್ದರೆ ತೊಂದರೆ. ಅಪಘಾತವಾದಾಗ ವಿಮೆಯವರೂ ಅದನ್ನೇ ಹಿಡಿಯುತ್ತಾರೆ. ಆದಕಾರಣ ಎಂಜಿನ್ ಕೊಳ್ಳುವ ಮೊದಲೇ ಸಂಗಮ್ ಸೇತುವೆಯ ಬಳಿಯ ಆರ್.ಟಿ.ಓ. ಕಚೇರಿಗೆ ಹೋಗಿ, ಇಂಥ ಎಂಜಿನ್ನಿಗೆ ಒಪ್ಪಿಗೆ ಸಿಗುವುದೇ ಎಂದು ಬರಹದಲ್ಲಿ ಕೇಳಿ ಪಡೆಯುವುದು ಉತ್ತಮ.

ನಮ್ಮ ಅಭಿಪ್ರಾಯ ಕೇಳಿದರೆ, ಸೋತ ಎಂಜಿನ್ನನ್ನೇ ಬೋರು ಮಾಡಿಸಿ, ನಾನಾ ಪೇಟೆಯಲ್ಲಿ ಪಿಸ್ಟನ್, ರಿಂಗು ಹುಡುಕಿ ಹಾಕಿಸುವುದು ಸಂಬಳದಾರನಿಗೆ ತಕ್ಕ ದಾರಿ. ನಮ್ಮ ಗುಮಾಸ್ತರಿಗೆ ಇದು ಅಷ್ಟಾಗಿ ರುಚಿಸಲಿಲ್ಲ. ಆದರೂ ಕಳೆದ ಭಾನುವಾರ ಮೊದಲು ಬ್ರೇಕು ಬಿಚ್ಚಿಸಿ ನೋಡಿದರು. ಹಿಂದಿನ ಎಡಗಾಲಿಯ ಸಿಲಿಂಡರು ಸೋರಿ ಲೈನರೆಲ್ಲ ಎಣ್ಣೆಯಲ್ಲಿ ನೆನೆದಿತ್ತಂತೆ. ಎಂಜಿನ್ನಿನ ಮಾತು ಸದ್ಯಕ್ಕೆ ದೀಪಾವಳಿಯ ತನಕ ಮುಂದೆ ಹೋಗಿದೆ.